ಚೀಕಲಪರ್ವಿಗೆ ಹಡಗು ಬರುತ್ತದೆ, ದಾರಿ ಬಿಡಿ

ರಾಯಚೂರು ಜಿಲ್ಲೆಗೆ ಸಮುದ್ರವಿಲ್ಲ ಎಂದು ನಿಮ್ಮ ಭೂಗೋಳದ ಮೇಷ್ಟ್ರು ಹೇಳಿಕೊಟ್ಟಿದ್ದರೆ ಅದನ್ನು ಇವತ್ತೇ ಮರೆತುಬಿಡಿ. ಅವರು 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ಓದಿದವರಲ್ಲ. ಆ ಕಾಯ್ದೆಯ ಪ್ರಕಾರ ಬಾಗಲಕೋಟೆ ಜಿಲ್ಲೆಯ ಗಲಗಲಿಯಿಂದ ತೆಲಂಗಾಣದ ವಜೀರಾಬಾದಿನವರೆಗೆ ಕೃಷ್ಣೆ 628 ಕಿ.ಮೀ. ಉದ್ದದ ಹಡಗು ದಾರಿ. ದೇವದುರ್ಗ ತಾಲ್ಲೂಕಿನ ಅಂಚು ಸವರಿಕೊಂಡು ಹೋಗುವ ಹೊಳೆ ಅದೇ. ತುಂಗಭದ್ರೆಗೂ ಅನ್ಯಾಯವಾಗಿಲ್ಲ. ಅದಕ್ಕೆ 104ನೇ ನಂಬರು ಕೊಟ್ಟು, ಮಾನ್ವಿ ಸೀಮೆಯ ಚೀಕಲಪರ್ವಿಯಿಂದ ಕೃಷ್ಣೆಯ ಸಂಗಮದವರೆಗೆ 230 ಕಿ.ಮೀ. ಜಲಮಾರ್ಗ ಎಂದು ಬರೆದಿದ್ದಾರೆ. ಚೀಕಲಪರ್ವಿ ಅಂದರೆ ವಿಜಯದಾಸರ ಊರು. ಭವಸಾಗರ ದಾಟಿಸುವ ಹೊಣೆಯನ್ನು ದಾಸರು ವಿಠಲನಿಗೆ ಒಪ್ಪಿಸಿದ್ದರು. ಉಳಿದ ಸಾಗರಗಳನ್ನು ದೆಹಲಿಯ ಗೆಜೆಟ್ ವಹಿಸಿಕೊಂಡಿದೆ.

ಏಮ್ಸ್ ಆಸ್ಪತ್ರೆ ಕೊಡಿ ಎಂದು 2022ರ ಮೇ ತಿಂಗಳಿನಿಂದ ಧರಣಿ ಕೂತ ಊರು ರಾಯಚೂರು. ಕೇಳಿದ್ದು ಸಿಗಲಿಲ್ಲ ನಿಜ, ಕೇಳದೇ ಹಡಗಿನ ದಾರಿ ಸಿಕ್ಕಿತಲ್ಲ, ಅದಕ್ಕಾದರೂ ಋಣಿಗಳಾಗಿರಬೇಡವೇ? ಸದ್ಯಕ್ಕೆ ಆ ದಾರಿಯಲ್ಲಿ ಓಡಾಡುತ್ತಿರುವ ನೌಕೆ ಎಂದರೆ ಹರಿಗೋಲು. ಕೃಷ್ಣೆಯ ನಡುಗಡ್ಡೆಗಳ ಜನ ಸಂತೆಗೆ ಬರುವುದು, ಬಾಣಂತಿಯನ್ನು ದವಾಖಾನೆಗೆ ತರುವುದು ಅದರಲ್ಲೇ. ಬೇಸಿಗೆ ಬಂತೆಂದರೆ ರಾಷ್ಟ್ರೀಯ ಜಲಮಾರ್ಗದ ನಟ್ಟನಡುವೆ ಮರಳು ತುಂಬಿದ ಟ್ರ್ಯಾಕ್ಟರ್ ಸಾಗುತ್ತದೆ. ಮರಳು ಗಾಡಿಗೂ ಜಿಪಿಎಸ್ ಬೇಕೆಂಬ ನಿಯಮವಿದೆ. ಅದು ರಾತ್ರಿ ಹೊತ್ತು ನಿದ್ದೆ ಹೋಗುತ್ತದಂತೆ. ದಣಿದಿರಬಹುದು ಪಾಪ.

ನಿಜವಾದ ಬಂದರುಗಳ ಸುದ್ದಿ ಕೇಳಿದರೆ ಮಾತ್ರ ಕಣ್ಣು ಕುಕ್ಕುತ್ತದೆ. 1974ರಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಶುರುವಾದ ಕಾಲದಲ್ಲಿ ಹಡಗೊಂದರ ಹಿಂದೆ ಕಾಗದದ ಮೆರವಣಿಗೆಯೇ ಹೊರಡುತ್ತಿತ್ತು. ಏಜೆಂಟರ ಹುಡುಗ ಫೈಲು ಕಂಕುಳಲ್ಲಿ ಇಟ್ಟುಕೊಂಡು ಕಸ್ಟಮ್ಸ್, ಬಂದರು ಕಚೇರಿ, ಬ್ಯಾಂಕು ಎಂದು ಮೇಜಿನಿಂದ ಮೇಜಿಗೆ ಪ್ರದಕ್ಷಿಣೆ ಹಾಕುತ್ತಿದ್ದ. ಈಗ ಪ್ರದಕ್ಷಿಣೆ ಹಾಕುವುದು ಡೇಟಾ. 2018ರಲ್ಲಿ ದೇಶದ ಬಂದರುಗಳಿಗೆಲ್ಲ ಪಿಸಿಎಸ್ ಒನ್ ಎಕ್ಸ್ ಎಂಬ ಒಂದೇ ಜಾಲ ಬಂತು. 2023ರಲ್ಲಿ ಅದರ ಮೇಲೆ ನ್ಯಾಷನಲ್ ಲಾಜಿಸ್ಟಿಕ್ಸ್ ಪೋರ್ಟಲ್ ಮರೈನ್ ಏರಿ ಕೂತಿತು. ಮುಂಬೈ ಪಕ್ಕದ ಜವಾಹರಲಾಲ್ ನೆಹರೂ ಬಂದರಿನಲ್ಲಿ 2016ರಿಂದ ಕಂಟೇನರುಗಳಿಗೆ ಆರ್‌ಎಫ್‌ಐಡಿ ಬಿಲ್ಲೆ ಕಟ್ಟತೊಡಗಿದರು. ಪೆಟ್ಟಿಗೆ ಯಾವ ಗೇಟು ದಾಟಿತು, ಯಾವ ಟೋಲಿನಲ್ಲಿ ನಿಂತಿತು, ಎಲ್ಲ ಪರದೆಯ ಮೇಲೆ. ಆಮದು ಸರಕಿನ ಕಾಗದ ನೋಡುವ ಕಸ್ಟಮ್ಸ್ ಅಧಿಕಾರಿಗೆ ಮುಖವೇ ಇಲ್ಲ. ಅವನು ಇನ್ಯಾವುದೋ ಊರಿನಲ್ಲಿ ಕೂತಿರುತ್ತಾನೆ. ಈ ಮುಖವಿಲ್ಲದ ಪದ್ಧತಿ 2020ರ ಜೂನ್‌ನಲ್ಲಿ ಮೊದಲು ಶುರುವಾದದ್ದು ಬೆಂಗಳೂರು, ಚೆನ್ನೈಗಳಲ್ಲಿ. ಅಧಿಕಾರಿಯ ಮುಖ ಕಾಣದಂತೆ ಕೆಲಸ ನಡೆಸುವ ವಿದ್ಯೆಯಲ್ಲಿ ನಮ್ಮ ತಾಲ್ಲೂಕು ಕಚೇರಿಗಳು ಎಷ್ಟೋ ಹಿಂದೆಯೇ ಪಳಗಿದ್ದವು, ಕೆಲಸವೊಂದು ನಡೆಯುತ್ತಿರಲಿಲ್ಲ ಅಷ್ಟೆ. ಕೇರಳದ ವಿಳಿಂಞಂ ಬಂದರಿನಲ್ಲಿ ಮೀನುಗಾರರ ಮನೆಯ ಹೆಣ್ಣುಮಕ್ಕಳು ಕೋಣೆಯೊಳಗೆ ಕೂತು ದೂರದ ದೈತ್ಯ ಕ್ರೇನು ಆಡಿಸುತ್ತಾರೆ. ಇದನ್ನು ಕೊಂಕಿಲ್ಲದೆ ಹೊಗಳುತ್ತೇನೆ.

ಈ ಜಾಣತನಕ್ಕೂ ಮಾನ್ವಿಯ ಸೋನಾ ಮಸೂರಿಗೂ ಏನು ಸಂಬಂಧ ಎನ್ನುತ್ತೀರಾ? ಇದೆ. ಅದರ ಹೆಸರು ರಾತ್ರಿ 9 ಗಂಟೆ 57 ನಿಮಿಷ 1 ಸೆಕೆಂಡ್.

2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಆದೇಶ ಆ ಕ್ಷಣದಿಂದಲೇ ಜಾರಿ. ಆಗಲೇ ಹಡಗಿಗೆ ಏರುತ್ತಿದ್ದ ಅಕ್ಕಿ, ಕಸ್ಟಮ್ಸ್ ವ್ಯವಸ್ಥೆಯಲ್ಲಿ ದಾಖಲಾದ ಅಕ್ಕಿ ಮಾತ್ರ ಪಾರು. ಯಾವ ಕ್ಷಣದವರೆಗೆ ದಾಖಲಾದದ್ದು ಎಂಬ ಜಗಳ ಎದ್ದಾಗ ಆಗಸ್ಟ್ ಕೊನೆಗೆ ಇನ್ನೊಂದು ಅಧಿಸೂಚನೆ ಬಂತು: ಆ ದಿನ 21:57:01ಕ್ಕೆ ಮೊದಲು ಸುಂಕ ಕಟ್ಟಿದವರು ದಡ ಸೇರಿದರು. ಒಂದು ಸೆಕೆಂಡ್ ತಡವಾದವರ ಅಕ್ಕಿ ಗೋದಾಮಿನಲ್ಲಿ. ಮೊದಲೆಲ್ಲ ಸರ್ಕಾರದ ಹುಕುಂ ಡಂಗುರದ ಹಿಂದೆ ನಡೆದು ಬರುವಷ್ಟರಲ್ಲಿ ಬುದ್ಧಿವಂತರು ಮೂಟೆ ಸಾಗಿಸಿರುತ್ತಿದ್ದರು. ಕಂಪ್ಯೂಟರಿಗೆ ಅಷ್ಟು ದಾಕ್ಷಿಣ್ಯವಿಲ್ಲ. ಆ ವಾರ ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ನಮ್ಮವರೇ ಸರತಿಯಲ್ಲಿ ನಿಂತು, ಕಾರಿನ ಡಿಕ್ಕಿ ಮುಚ್ಚದಷ್ಟು ಸೋನಾ ಮಸೂರಿ ಚೀಲ ತುಂಬಿಕೊಂಡ ವಿಡಿಯೊಗಳು ಎಲ್ಲರ ಮೊಬೈಲಿಗೂ ಬಂದವು. ಸುದ್ದಿ ದೆಹಲಿಯಿಂದ ಡಲ್ಲಾಸ್‌ಗೆ ತಲುಪಿದ ವೇಗ ನೋಡಿ!

ಭತ್ತ ಬೆಳೆಯುವವನು ಆ ಹೊತ್ತಿಗೆ ಬೇರೊಂದು ಸುದ್ದಿಗಾಗಿ ಕಾಯುತ್ತಿದ್ದ. ಕಾಲುವೆಗೆ ನೀರು ಯಾವಾಗ?

ತುಂಗಭದ್ರಾ ಎಡದಂಡೆ ಕಾಲುವೆ 227 ಕಿ.ಮೀ. ಉದ್ದ. ಮಾನ್ವಿ, ಸಿರವಾರ, ರಾಯಚೂರಿನ ಹೊಲಗಳಿಗೆ ಬಂದಿರುವುದು ಅದರ ಬಾಲ. ಪ್ರತಿ ವರ್ಷ ಇಲ್ಲಿನ ರೈತರ ಕೂಗು ಒಂದೇ: 69ನೇ ಮೈಲಿನಲ್ಲಿ ಗೇಜ್ ಕಾಯ್ದುಕೊಳ್ಳಿ. ಗೇಜ್ ಎಂದರೆ ನೀರಿನ ಮಟ್ಟ, ಫೂಟಿನ ಲೆಕ್ಕ. ಅರಬ್ಬಿ ಸಮುದ್ರದಲ್ಲಿ ತೇಲುವ ಹಡಗು ಈಗ ಎಲ್ಲಿದೆ, ಎಷ್ಟು ಗಂಟೆಗೆ ದಕ್ಕೆಗೆ ಬರುತ್ತದೆ ಎಂದು ಅಂಗೈಯಲ್ಲಿ ತೋರಿಸುವ ದೇಶದಲ್ಲಿ, ಮುನಿರಾಬಾದಿನ ಅಣೆಕಟ್ಟೆಯಲ್ಲಿ ಬಿಟ್ಟ ನೀರು ನಡುದಾರಿಯಲ್ಲಿ ಎಲ್ಲಿ ಇಳಿದುಕೊಂಡಿತು ಎಂದು ಹೇಳುವ ಬಿಲ್ಲೆಯನ್ನು ಯಾರೂ ಕಟ್ಟಲಿಲ್ಲ. ಕಟ್ಟಿದರೆ ಯಾರ ಪಂಪ್‌ಸೆಟ್ಟಿನ ಮುಂದೆ ಬಿಲ್ಲೆ ಬೀಪ್ ಎನ್ನುತ್ತದೋ ಎಂಬ ಅಂಜಿಕೆ ಇರಬಹುದು. 2023ರ ಬರದಲ್ಲಿ ಎರಡನೇ ಬೆಳೆಗೆ ನೀರೇ ಇರಲಿಲ್ಲ. ಮರುವರ್ಷ ಜಲಾಶಯ ತುಂಬಿತು. ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಚೈನು ಸವೆಯುತ್ತಿದೆ ಎಂಬ ಸಂದೇಶ ಯಾವ ಪೋರ್ಟಲ್ಲಿಗೂ ಬಂದಿರಲಿಲ್ಲ. ಕಬ್ಬಿಣಕ್ಕೆ ಲಾಗಿನ್ ಇರುವುದಿಲ್ಲವಲ್ಲ.

ಅಕ್ಕಿಯ ನಿಷೇಧ 2024ರ ಸೆಪ್ಟೆಂಬರ್ 28ಕ್ಕೆ ತೆರವಾಯಿತು. ಮುಚ್ಚಿದ ಬಾಗಿಲನ್ನು ಸೆಕೆಂಡಿನಲ್ಲಿ ಲೆಕ್ಕ ಹಾಕಿದವರು ತೆರೆಯುವಾಗ ತಿಂಗಳಿನ ಲೆಕ್ಕಕ್ಕೆ ಇಳಿದಿದ್ದರು.

ಗಂಜ್‌ನಲ್ಲೂ ಡಿಜಿಟಲ್ ಇಲ್ಲವೆಂದಲ್ಲ. 2014ರಿಂದ ರಾಜ್ಯದ ಎಪಿಎಂಸಿಗಳಿಗೆ ಏಕೀಕೃತ ಆನ್‌ಲೈನ್ ಮಾರುಕಟ್ಟೆ ಬಂದಿದೆ. ಹತ್ತಿಯ ಲಾಟಿಗೆ ನಂಬರು, ನಂಬರಿಗೆ ಟೆಂಡರು, ಟೆಂಡರಿಗೆ ಮೆಸೇಜು. "ರೇಟ್ ಬಂತೇನ್ರಿ?" ಎಂದು ಕೇಳಿದರೆ "ಸರ್ವರ್ ಬಂದಿಲ್ಲ, ಕೂಡ್ರಿ" ಎನ್ನುತ್ತಾರೆ. ಸರ್ವರ್ ಬಂದ ಮೇಲೂ ಚೀಲ ಹೊರುವುದು ಹಮಾಲನ ಬೆನ್ನೇ. ಆ ಬೆನ್ನಿಗೆ ಅಪ್‌ಡೇಟ್ ಬಂದ ಸುದ್ದಿ ಇಲ್ಲ.

ರಾಯಚೂರಿಗೂ ಬಂದರಿಗೂ ಇರುವ ಲೇವಾದೇವಿ ಇವತ್ತಿನದಲ್ಲ. ಪೋರ್ಚುಗೀಸ್ ಬರಹಗಾರ ನೂನಿಜ್ ಹೇಳುವ ಪ್ರಕಾರ ಕೃಷ್ಣದೇವರಾಯ ಒಬ್ಬ ವ್ಯಾಪಾರಿಯ ಕೈಗೆ 40,000 ಪರದಾವ್ ಹೊನ್ನು ಕೊಟ್ಟು ಗೋವಾ ಬಂದರಿನಲ್ಲಿ ಕುದುರೆ ಕೊಂಡು ಬಾ ಎಂದು ಕಳಿಸಿದ. ಅವನು ದುಡ್ಡಿನ ಸಮೇತ ಆದಿಲ್‌ಶಾಹಿಯ ಕಡೆ ಓಡಿದ. ಅದೇ ನೆಪವಾಗಿ 1520ರಲ್ಲಿ ರಾಯಚೂರು ಯುದ್ಧ. ಕುದುರೆ ಮಾರಲು ಬಂದಿದ್ದ ಪೋರ್ಚುಗೀಸನೊಬ್ಬ ತನ್ನ ಬಂದೂಕಿನವರೊಂದಿಗೆ ಕೋಟೆಯ ಮುತ್ತಿಗೆಗೂ ನಿಂತ. ಈಗಿನ ವ್ಯವಸ್ಥೆ ಅಂದೇ ಇದ್ದಿದ್ದರೆ ಓಟಿಪಿ ಬಾರದೆ ಹೊನ್ನು ಖಜಾನೆಯಲ್ಲೇ ಉಳಿಯುತ್ತಿತ್ತು, ದೋಆಬಿನಲ್ಲಿ ರಕ್ತ ಹರಿಯುತ್ತಿರಲಿಲ್ಲ. ಡಿಜಿಟಲ್ಲನ್ನು ಸುಮ್ಮನೆ ಹೀಗಳೆಯುವವರು ಇದನ್ನೂ ಯೋಚಿಸಬೇಕು.

ಬಂದರಿನ ಕಂಪ್ಯೂಟರೂ ಕೆಡುತ್ತದೆ ಎಂಬುದೊಂದು ಸಮಾಧಾನ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ವೈರಸ್ ಮೇರ್ಸ್ಕ್ ಹಡಗು ಕಂಪನಿಯನ್ನು ಹಿಡಿದಾಗ ಮುಂಬೈ ಪಕ್ಕದ ಅದರ ಟರ್ಮಿನಲ್ ಕೂಡ ಕಣ್ಣುಮುಚ್ಚಿತು. ಲಾರಿಗಳು ಹೊರಗೆ ಸಾಲುಗಟ್ಟಿದವು, ಒಳಗೆ ಕೈಕೆಲಸ ಶುರುವಾಯಿತು. 2023ರ ಜುಲೈನಲ್ಲಿ ಜಪಾನಿನ ನಗೋಯಾಕ್ಕೂ ಇದೇ ಗತಿ. ಶಿರಾಡಿ ಘಾಟಿಯಲ್ಲಂತೂ ವೈರಸ್ ಬೇಕಾಗಿಲ್ಲ, ಮಳೆಗಾಲದಲ್ಲಿ ಗುಡ್ಡವೇ ಕೆಳಗಿಳಿದು ಬಂದು ಮಂಗಳೂರಿನ ಲಾರಿಯನ್ನು ಲಾಗೌಟ್ ಮಾಡಿಸುತ್ತದೆ.

ಪೋರ್ಟಲ್ ಕಟ್ಟುವ ಮಹನೀಯರಲ್ಲಿ ಈ ಹಡಗಿಲ್ಲದ ಜಲಮಾರ್ಗದ ದಂಡೆಯಿಂದ ಒಂದು ಅರಿಕೆ. ನಿಮ್ಮ ಪರದೆಯಲ್ಲಿ ಹಡಗಿನ ಹೆಸರು, ಕಂಟೇನರಿನ ನಂಬರು, ಸುಂಕ ಕಟ್ಟಿದ ಹೊತ್ತು ಎಲ್ಲ ಇವೆ. ಕೊನೆಗೆ ಇನ್ನೆರಡು ಕಾಲಂ ಸೇರಿಸಿ: ಹೊಲಕ್ಕೆ ನೀರು ಮುಟ್ಟಿದ ದಿನ, ಬೆಳೆದವನಿಗೆ ದುಡ್ಡು ಮುಟ್ಟಿದ ದಿನ. ಗಂಟೆ, ನಿಮಿಷ, ಸೆಕೆಂಡ್ ಬೇಡ. ತಿಂಗಳು ಬರೆದರೂ ನಡೆಯುತ್ತದೆ.