ಸಮಾಜ ಸರ್ ಬಂದರು

ಜೂನ್ ತಿಂಗಳಲ್ಲಿ ಹತ್ತನೇ ತರಗತಿಯ ಕಿಟಕಿಯಿಂದ "1453" ಎಂಬ ಇಸವಿ ಓಣಿಗೆಲ್ಲ ಕೇಳುವಷ್ಟು ಜೋರಾಗಿ ಬಂದರೆ ಆ ಶಾಲೆಗೆ ಹೊಸ ಸಮಾಜ ಸರ್ ಬಂದಿದ್ದಾರೆ ಎಂದು ತಿಳಿಯಬೇಕು. ಹಳೆಯ ಸರ್ ಆ ಇಸವಿಯನ್ನು ಬೋರ್ಡಿನ ಮೂಲೆಗೆ ಬರೆದು, "ಒಂದು ಮಾರ್ಕಿಂದು, ಬರ್ಕೋರಿ" ಎಂದು ಕುರ್ಚಿಗೆ ಒರಗುತ್ತಾರೆ. ಹೊಸಬ ಹಾಗಲ್ಲ. ಡಸ್ಟರನ್ನೇ ತೋಪು ಮಾಡಿಕೊಂಡು ಆಟೋಮನ್ ಟರ್ಕರ ಪರವಾಗಿ ಕಾನ್‌ಸ್ಟಾಂಟಿನೋಪಲ್ ಕೋಟೆಗೆ ತಾನೇ ಲಗ್ಗೆ ಹಾಕುತ್ತಾನೆ. ಮೆಣಸಿನ ದಾರಿ ಮುಚ್ಚಿ, ಯುರೋಪಿನವರು ಹಡಗು ಹತ್ತಿ, ವಾಸ್ಕೋ ಡ ಗಾಮ ಕಲ್ಲಿಕೋಟೆ ಮುಟ್ಟುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಹಿಂದಿನ ಬೆಂಚಿನಿಂದ ಆ ವರ್ಷದ ಮೊದಲ ಪ್ರಶ್ನೆ ಬರುತ್ತದೆ: "ಸರ್, ಇದು ನೋಟ್ಸಿಗೆ ಐತೇನ್ರಿ?"

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ವಿಜಯಪುರ ಜಿಲ್ಲೆಯ ಈ ನಾಲ್ಕು ತಾಲೂಕುಗಳಲ್ಲಿ ಯಾವ ಹೈಸ್ಕೂಲಿನ ಗೇಟು ತೆಗೆದರೂ ಈತ ಸಿಗುತ್ತಾನೆ. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ. ಧಾರವಾಡದ ಎಂ.ಎ., ಮೇಲೊಂದು ಬಿ.ಇಡಿ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ. ಚೀಲದ ತಳದಲ್ಲೊಂದು ಕೆ.ಎ.ಎಸ್. ಗೈಡು. ಅದು ಯಾರಿಗೂ ಗೊತ್ತಿಲ್ಲವೆಂದು ಈತನ ನಂಬಿಕೆ. ಬಿಸಿಯೂಟದ ಅಕ್ಕನಿಗೂ ಗೊತ್ತು.

ಓದಿದ್ದು ಇತಿಹಾಸ. ಆದರೆ ನಮ್ಮ ಹೈಸ್ಕೂಲುಗಳಲ್ಲಿ ಇತಿಹಾಸದ ಮಾಸ್ತರ ಎಂಬ ಹುದ್ದೆಯೇ ಇಲ್ಲ. ಇರುವುದು ಸಮಾಜ ವಿಜ್ಞಾನ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲ ಒಂದೇ ಪುಸ್ತಕದ ರಟ್ಟಿನೊಳಗೆ. ಎಂ.ಎ.ಯಲ್ಲಿ ರಾಷ್ಟ್ರಕೂಟರ ಆಡಳಿತದ ಮೇಲೆ ಪ್ರಬಂಧ ಬರೆದವನು ಇಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಬ್ಯಾಂಕ್ ಖಾತೆಯ ವಿಧಗಳನ್ನು ಕಲಿಸುತ್ತಾನೆ. ಉಳಿತಾಯ ಖಾತೆಯ ಲಾಭಗಳನ್ನು ಹೇಳುವಾಗ ದನಿ ಸ್ವಲ್ಪ ಇಳಿಯುತ್ತದೆ. ಈತನ ಸ್ವಂತ ಖಾತೆಗೆ ಇನ್ನೂ ಮೊದಲ ಪಗಾರ ಬಿದ್ದಿಲ್ಲ. ಅಂಕಪಟ್ಟಿಗಳ ನೈಜತೆಯ ಪತ್ರ ಬರಬೇಕು, ಎಚ್.ಆರ್.ಎಂ.ಎಸ್. ನಂಬರು ಆಗಬೇಕು, ಕೆ.ಜಿ.ಐ.ಡಿ. ಪಾಲಿಸಿ ಆಗಬೇಕು. ಅಲ್ಲಿಯವರೆಗೆ ಅಪ್ಪನ ತೊಗರಿ ಮಾರಿದ ದುಡ್ಡಿನಲ್ಲೇ ಸರಕಾರಿ ನೌಕರಿ ನಡೆಯುತ್ತದೆ.

ಇಂಡಿಯಲ್ಲಿರುವ ಸಮಾಜ ಸರ್‌ಗೆ ಈ ದುಃಖ ಹೇಳಿಕೊಳ್ಳಲು ಒಂದು ಶಾಸನವೇ ಇದೆ. ಪಕ್ಕದ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದಲ್ಲಿ ದೊಡ್ಡ ವಿದ್ಯಾಶಾಲೆಯಿತ್ತು. 945ರಲ್ಲಿ ಅದರ ಕಟ್ಟಡ ಕಟ್ಟಿಸಿದವನು ಆತನ ಮಂತ್ರಿ ನಾರಾಯಣ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಉಳಿಯಲು 27 ವಸತಿಗೃಹ. ದೀಪದ ಎಣ್ಣೆಗೆ 12 ನಿವರ್ತನ ಭೂಮಿ, ಮುಖ್ಯ ಗುರುವಿಗೆ 50 ನಿವರ್ತನ. ಊರಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ ಸಲ್ಲಬೇಕು. ಮುಂಜಿ, ಜವಳಕ್ಕೆ ಅದಕ್ಕಿಂತ ಕಡಿಮೆ ದರ. ಇದನ್ನೆಲ್ಲ ಈತ ಸ್ಟಾಫ್ ರೂಮಿನಲ್ಲಿ ಗಂಟಲು ಕಟ್ಟುವಂತೆ ಹೇಳಿ ಮುಗಿಸುತ್ತಾನೆ. ಹಿಂದಿ ಸರ್ ಚಹಾದ ಕಪ್ಪು ಕೆಳಗಿಟ್ಟು ಕೇಳುವುದು ಒಂದೇ ಮಾತು:

"ಆ 50 ನಿವರ್ತನದ ಉತಾರ ಈಗ ಯಾರ ಹೆಸರಿಲೆ ಐತ್ರಿ ಸರ?"

ಹೆಡ್‌ಮಾಸ್ತರರ ಲಕ್ಷ್ಯ ಮದುವೆಯ ತೆರಿಗೆಯ ಮೇಲೆ. "ಆವಾಗ 5 ನಾಣ್ಯ ಬರ್ತಿದ್ದುವು. ಈಗ ಊರಾಗ ಮದುವಿ ಆದ್ರ ಶಾಲಿಗೆ ಬರೂದು ಡಿ.ಜೆ. ಸಪ್ಪಳ ಅಷ್ಟ. ಅರ್ಧ ಹುಡುಗೋರು ಮೆರವಣಿಗ್ಯಾಗ." ಹತ್ತನೆಯ ಶತಮಾನ ಅಲ್ಲಿಗೆ ಬರಖಾಸ್ತಾಗುತ್ತದೆ.

ಮುದ್ದೇಬಿಹಾಳದ ಸಮಾಜ ಸರ್‌ಗೆ ಬೇರೆ ಥರದ ಪರೀಕ್ಷೆ. ಆತ 1565ರ ಜನವರಿ 23ರ ಯುದ್ಧ ಕಲಿಸಬೇಕು, ಅದೂ ಯುದ್ಧ ನಡೆಯಿತೆನ್ನುವ ತಾಲೂಕಿನಲ್ಲಿ. "ರಕ್ಕಸತಂಗಡಿ ಕದನ" ಎಂದು ಬೋರ್ಡಿಗೆ ಬರೆಯುವುದೇ ತಡ, ತಂಗಡಗಿಯ ಹುಡುಗಿ ಎದ್ದು ನಿಂತಿರುತ್ತಾಳೆ.

"ಸರ್ ರೀ, ಅದು ಒಂದೂರು ಅಲ್ರಿ. ರಕ್ಕಸಗಿ ಬ್ಯಾರೆ, ತಂಗಡಗಿ ಬ್ಯಾರೆ. ನಡುವ ಹೊಲಾ ಅದಾವ್ರಿ."

ತಾಳಿಕೋಟೆಯಿಂದ ಬರುವ ಹುಡುಗನಿಗೆ ಇದು ಸಹನೆಯಾಗುವುದಿಲ್ಲ. ಹಳೆಯ ಪುಸ್ತಕಗಳಲ್ಲಿ ಅದು ತಾಳಿಕೋಟೆ ಕದನ, ಹೆಸರು ತಮ್ಮೂರಿನದು ಎಂದು ಅವನ ವಾದ. ಸುಲ್ತಾನರ ದಂಡು ತಾಳಿಕೋಟೆಯಲ್ಲಿ ಬೀಡು ಬಿಟ್ಟಿತ್ತು, ಹಾಗಾಗಿ ಆ ಹೆಸರು ನಿಂತಿತು. ಕಾದಾಟ ಆದದ್ದು ಅಲ್ಲಿಂದ ದಕ್ಷಿಣಕ್ಕೆ, ಕೃಷ್ಣೆಯ ಕಡೆಗೆ. ಬನ್ನಿಹಟ್ಟಿಯ ಹೆಸರು ಹೇಳುವವರೂ ಇದ್ದಾರೆ, ಸರಿಯಾದ ಜಾಗದ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಹರಿದಿಲ್ಲ ಎಂದು ಸರ್ ಸಮಾಧಾನ ಮಾಡುತ್ತಾನೆ. ಜಗಳ ಹರಿದಿಲ್ಲ ಎಂಬುದೊಂದು ಮಾತ್ರ ತರಗತಿಗೆ ಹಿಡಿಸುತ್ತದೆ. ಮುಂದಿನ ಹತ್ತು ನಿಮಿಷ ಮೂರೂ ಊರುಗಳ ಕಡೆಯಿಂದ ಸೈನ್ಯ ಕೂಡುತ್ತದೆ. ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರ್ ಸುಲ್ತಾನರು ಹೊರಗೆ ಕಾಯುತ್ತಾರೆ.

ಗದ್ದಲ ಅಡಗಿಸಲು ಸರ್ ತುರುಪಿನ ಎಲೆ ಇಳಿಸುತ್ತಾನೆ: ವಿಜಯನಗರದ ದಂಡು ನಡೆಸಿದ ಅಳಿಯ ರಾಮರಾಯನಿಗೆ ಆಗ ಎಂಬತ್ತರ ಆಸುಪಾಸು ಎನ್ನುತ್ತಾರೆ.

"ಎಂಬತ್ತರಾಗ ದಂಡಿಗೆ ಹೋಗಿದ್ನೇನ್ರಿ? ನಮ್ಮ ಮುತ್ಯಾ ಎಪ್ಪತ್ತಕ್ಕ ಸಂತಿಗಿ ಹೋಗೂದು ಬಿಟ್ಟಾನ್ರಿ."

ಘಟಕ ಪರೀಕ್ಷೆಯಲ್ಲಿ ವಿಜಯನಗರದ ಸೋಲಿಗೆ ಕಾರಣ ಕೇಳಿದರೆ ಆ ಮುತ್ಯಾನ ಮೊಮ್ಮಗ ಬರೆಯುವುದು ಒಂದೇ ಸಾಲು: ಮುದುಕರನ್ನು ಮನೆಯಲ್ಲಿ ಬಿಡಬೇಕಿತ್ತು. ಸರ್ ಅರ್ಧ ಗಂಟೆ ಯೋಚಿಸಿ ಒಂದು ಅಂಕ ಕೊಡುತ್ತಾನೆ. ಈ ವಿಷಯದ ಕೆಲವು ದಪ್ಪ ಗ್ರಂಥಗಳಿಗಿಂತ ಆ ಉತ್ತರ ಸ್ಪಷ್ಟವಾಗಿದೆ ಎಂಬುದರಲ್ಲಿ ಅನುಮಾನವಿಲ್ಲ.

ಬಾಗೇವಾಡಿಗೆ ಹೋದವನ ಪಾಡು ಇನ್ನೂ ಸೂಕ್ಷ್ಮ. ಅಲ್ಲಿ ಬಸವಣ್ಣನವರ ಬಗ್ಗೆ ತರಗತಿಯ ಪ್ರತಿ ಮಗುವೂ ಸರ್‌ಗಿಂತ ಹೆಚ್ಚು ಬಲ್ಲದು. ಹುಟ್ಟಿದ ವರ್ಷ 1105 ಇದ್ದೀತೋ 1131 ಇದ್ದೀತೋ ಎಂಬಲ್ಲಿಗೇ ಈತ ಬೆವರುತ್ತಾನೆ. ಹುಟ್ಟಿದ ಊರಿನ ಪ್ರಶ್ನೆ ಬಂದಾಗ ಮಾತ್ರ ಧೈರ್ಯವಾಗಿ ಅರ್ಜುನವಾಡದ 1260ರ ಶಾಸನ ತೆಗೆಯುತ್ತಾನೆ: ಅದರಲ್ಲಿ ತರ್ದವಾಡಿ ನಾಡಿನ ಬಾಗವಾಡಿಯ ಒಡೆಯ ಮಾದಿರಾಜನ ಮಗ ಎಂದಿದೆಯಲ್ಲ! ಮರುದಿನ ಇಂಗಳೇಶ್ವರದಿಂದ ಹಿರಿಯರೊಬ್ಬರು, ಮೊಮ್ಮಗನ ಟಿ.ಸಿ. ನೆಪ ಮಾಡಿಕೊಂಡು, ಶಾಲೆಗೆ ಬರುತ್ತಾರೆ. "ಗುರುಗಳ, ಅಪ್ಪನ ಊರು ಕಲ್ಲಿನಾಗ ಬರದಾರ, ಖರೆ. ಅವ್ವನ ತವರು ನಮ್ಮೂರು. ನಮ್ಮ ಕಡೆ ಬಾಣಂತನ ಎಲ್ಲಿ ಮಾಡ್ತಾರ, ನೀವ ಹೇಳ್ರಿ." ಶಾಸನದಲ್ಲಿ ಇದಕ್ಕೆ ಉತ್ತರವಿಲ್ಲ. ಲಗ್ನ ಆಗದ ಸರ್ ಬಳಿಯೂ ಇಲ್ಲ.

ಲಗ್ನದ ಮಾತು ಬಂದಿದ್ದರಿಂದ ಹೇಳಬೇಕು. ಪಗಾರ ಬರುವ ಮೊದಲೇ ಹೆಣ್ಣಿನ ಕಡೆಯವರು ಬರುತ್ತಾರೆ. "ನೌಕರಿ ಖಾಯಂ ಏನ್ರಿ?" ಎಂಬುದು ಅವರ ಏಕೈಕ ಪ್ರಶ್ನೆ. ಪ್ರೊಬೇಷನರಿ ಅವಧಿ ಎಂದರೆ ಮುಖ ನೋಡಿಕೊಳ್ಳುತ್ತಾರೆ. ಪಾಪ, ಅತಿಥಿ ಶಿಕ್ಷಕನಾಗಿದ್ದರೆ ಮಾತು ಚಹಾದವರೆಗೂ ಹೋಗುವುದಿಲ್ಲ.

ದೀಪಾವಳಿ ಮುಗಿದ ಮೇಲೆ ಈತನ ಹಾಜರಿ ಪುಸ್ತಕ ತೆಳ್ಳಗಾಗತೊಡಗುತ್ತದೆ. ಹತ್ತಿ ಬಿಡಿಸಲು ಹೋದವರು, ತೊಗರಿ ರಾಶಿಗೆ ನಿಂತವರು, ತಾಂಡಾದಿಂದ ಅಪ್ಪ-ಅವ್ವನ ಜೊತೆ ಕಬ್ಬು ಕಡಿಯಲು ಗುಳೆ ಹೊರಟವರು. "ಎಲ್ಲಿಗೆ ಹೋಗ್ಯಾಳ?" ಎಂದರೆ "ಪುಣೆ ಕಡೆ ಹೋಗ್ಯಾಳ್ರಿ" ಎಂದು ಪಕ್ಕದವಳು ಶಾಂತವಾಗಿ ಹೇಳುತ್ತಾಳೆ. ವಲಸೆಯ ಕಾರಣಗಳು ಎಂಬ ಟಿಪ್ಪಣಿಯನ್ನು ಇಂಥ ತರಗತಿಯಲ್ಲಿ ಬರೆಸುವುದು ಸ್ವಲ್ಪ ಕಷ್ಟ. ಇಲ್ಲಿ ಮಾತ್ರ ಸರ್ ಡಸ್ಟರ್ ಬೀಸುವುದಿಲ್ಲ. ಉಳಿದವರಿಗೆ ಎಸ್ಸೆಸ್ಸೆಲ್ಸಿಯ ನಕ್ಷೆ. ಅವರು ಬಿಡಿಸುವ ಭಾರತ ಅಂಚು ಮುರಿದ ಕಟಕ ರೊಟ್ಟಿಯ ಹಾಗಿರುತ್ತದೆ. ಗುಜರಾತಿನ ತುಂಡು ಯಾರೋ ತಿಂದಿರುತ್ತಾರೆ.

ಇಷ್ಟರ ನಡುವೆ ಹಾಲು, ಮೊಟ್ಟೆಯ ಲೆಕ್ಕ, ಮತದಾರರ ಪಟ್ಟಿ. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ರಾಜ್ಯದ ಮಾಸ್ತರರೆಲ್ಲ ಮೊಬೈಲು ಹಿಡಿದು ಮನೆ ಮನೆ ತಿರುಗಿದರು. ಹಿರಿಯರು ಗೊಣಗಿದರು. ನಮ್ಮ ಹೊಸಬ ಮಾತ್ರ ಒಂದೊಂದು ಮನೆಯ ಮುತ್ಯಾನ ಕತೆ ಕೇಳುತ್ತ ಕೂತು, ಸಂಜೆಗೆ ಎಲ್ಲರಿಗಿಂತ ಕಡಿಮೆ ಮನೆ ಮುಗಿಸಿದ್ದ.

ಸಿಂದಗಿ ಕಡೆಯವನಿಗೆ ಹುಚ್ಚು ಇನ್ನೂ ಒಂದು ಕೈ ಹೆಚ್ಚು. ಶಾಸನಗಳನ್ನು ಅರೆದು ಕುಡಿದ ಎಂ.ಎಂ. ಕಲಬುರ್ಗಿ ಹುಟ್ಟಿದ್ದು ಇದೇ ತಾಲೂಕಿನ ಗುಬ್ಬೇವಾಡದಲ್ಲಿ, 1938ರಲ್ಲಿ. ಅದು ನೆನಪಾದದ್ದೇ ತಡ, ರವಿವಾರ ನಾಲ್ಕು ಹುಡುಗರನ್ನು ಕರೆದುಕೊಂಡು ಹನಮಪ್ಪನ ಗುಡಿಯ ಕಲ್ಲಿನ ಮುಂದೆ ಕೂರುತ್ತಾನೆ. ಎಣ್ಣೆ, ಕುಂಕುಮ, ಮೇಲೆ ಆಯಿಲ್ ಪೇಂಟು, ಅಕ್ಷರ ಕಾಣುವುದಿಲ್ಲ. ಸರ್ ಬ್ರಷ್ಷಿನಿಂದ ತಿಕ್ಕಿ, ಕಾಗದ ಹಚ್ಚಿ, ಮಸಿ ಬಳಿಯುತ್ತಿದ್ದರೆ ಕಟ್ಟೆಯ ಮೇಲಿನವರು ಒಬ್ಬೊಬ್ಬರಾಗಿ ಎದ್ದು ಬರುತ್ತಾರೆ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ: "ಹೊಸಾ ಸರ್ ನಿಧಿ ಹುಡಕಾಕತ್ಯಾರ." ಸೋಮವಾರ ಎಸ್.ಡಿ.ಎಂ.ಸಿ. ಅಧ್ಯಕ್ಷರು ಬಂದು, ಸಿಕ್ಕದ್ದರಲ್ಲಿ ಶಾಲೆಯ ಪಾಲೆಷ್ಟು ಎಂದು ಗಂಭೀರವಾಗಿ ವಿಚಾರಿಸುತ್ತಾರೆ.

ನಿಮ್ಮ ಊರಿನ ಗುಡಿಯ ಮುಂದೆಯೂ ಒಂದು ರವಿವಾರ ಇಂಥವನೊಬ್ಬ ಮಂಡಿಯೂರಿ ಕೂತಿದ್ದರೆ ಪೊಲೀಸರಿಗೆ ಫೋನ್ ಮಾಡಬೇಡಿ. ಒಂದು ಕೊಡ ನೀರು ತಂದುಕೊಡಿ. ಆ ಕಲ್ಲಿಗೆ ಮತ್ತೆ ಪೇಂಟ್ ಹಚ್ಚಬೇಡಿ.