ಭಾನುವಾರ ಸಂಜೆಯವರೆಗಿನ ಸಿಇಒ

ಶುಕ್ರವಾರ ಸಂಜೆ ಕೋರಮಂಗಲದ ಯಾವುದಾದರೂ ಕೋ-ವರ್ಕಿಂಗ್ ಕಟ್ಟಡಕ್ಕೆ ಹೋದರೆ ಇವರು ಸಿಗುತ್ತಾರೆ. ಕಂಪನಿಯ ಐಡಿ ಕಾರ್ಡನ್ನು ಕಳಚಿ ಜೇಬಿಗೆ ಹಾಕಿಕೊಂಡು, ಆಯೋಜಕರು ಕೊಟ್ಟ ಟ್ಯಾಗನ್ನು ಕೊರಳಿಗೆ ತೊಟ್ಟಿರುತ್ತಾರೆ. ಹೊರವರ್ತುಲ ರಸ್ತೆಯ ಆಫೀಸಿನಲ್ಲಿ ವಾರವಿಡೀ ಮ್ಯಾನೇಜರ್ ಹೇಳಿದ್ದಕ್ಕೆಲ್ಲ ಗೋಣು ಹಾಕಿದ ಈ ಮನುಷ್ಯ, ಪಿಜ್ಜಾ ಡಬ್ಬ ಬಿಚ್ಚುವಷ್ಟರಲ್ಲಿ ಫೌಂಡರ್ ಆಗಿಬಿಟ್ಟಿರುತ್ತಾರೆ. ಕಂಪನಿ ಇನ್ನೂ ಹುಟ್ಟಿಲ್ಲ. ಅದಕ್ಕೆ ಭಾನುವಾರ ಸಂಜೆಯವರೆಗೆ ಸಮಯವಿದೆ.

ವಾರಾಂತ್ಯದಲ್ಲಿ ಕಂಪನಿ ಕಟ್ಟುವ ಈ ವ್ರತದ ಮೂಲ ಅಮೆರಿಕದ ಬೌಲ್ಡರ್ ಪಟ್ಟಣ. ಅಲ್ಲಿ 2007ರಲ್ಲಿ ಆಂಡ್ರ್ಯೂ ಹೈಡ್ ಎಂಬಾತ ‘ಸ್ಟಾರ್ಟಪ್ ವೀಕೆಂಡ್’ ಶುರು ಮಾಡಿದ. ಮೊದಲ ಸಲ ಸುಮಾರು 70 ಜನ ಸೇರಿ ಒಂದೇ ಒಂದು ಕಂಪನಿ ಕಟ್ಟಲು ಹೊರಟರು. ಇಬ್ಬರು ಅಣ್ಣತಮ್ಮಂದಿರು ಒಂದು ಸೈಟು ಭಾಗ ಮಾಡಿಕೊಳ್ಳುವುದನ್ನು ನೋಡಿದವರಿಗೆ 70 ಜನರ ಪಾಲುದಾರಿಕೆ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಸಣ್ಣ ಸಣ್ಣ ತಂಡಗಳ ಪದ್ಧತಿ ಬಂತು: ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿಯವರೆಗೆ 54 ಗಂಟೆ, ಒಬ್ಬೊಬ್ಬರಿಗೆ ಐಡಿಯಾ ಹೇಳಲು 60 ಸೆಕೆಂಡು, ಮೆಚ್ಚಿದವರು ಬಂದು ಅಂಟುಚೀಟಿ ಅಂಟಿಸಿ ವೋಟು ಹಾಕುವುದು.

ನಮ್ಮ ಫೌಂಡರ್ ಸಾಹೇಬರ ಐಡಿಯಾ ಇಸ್ತ್ರಿಯದು. ಇಸ್ತ್ರಿಗೆ ಕೊಟ್ಟ ಶರ್ಟು ಬೇಕಾದ ದಿನ ಬರುವುದಿಲ್ಲ ಎಂಬ ಸಂಕಟವನ್ನು ಅವರು 60 ಸೆಕೆಂಡಿನಲ್ಲಿ ಎಷ್ಟು ಮನಮುಟ್ಟುವಂತೆ ವರ್ಣಿಸುತ್ತಾರೆಂದರೆ, ಟೀಶರ್ಟು ಬಿಟ್ಟು ಬೇರೇನೂ ಹಾಕದ ಹುಡುಗರೂ ವೋಟು ಒತ್ತುತ್ತಾರೆ. ತಂಡ ಕೂಡುತ್ತದೆ. ಕೋಡ್ ಬರೆಯಲು ಇಬ್ಬರು, ಡಿಸೈನಿಗೆ ಒಬ್ಬಳು, ಎಂಬಿಎ ಮಾಡಿದ ಒಬ್ಬ, ಮತ್ತು ಕೊನೆಯವರೆಗೂ ಯಾಕೆ ಬಂದಿದ್ದಾನೆಂದು ಯಾರಿಗೂ ಗೊತ್ತಾಗದ, ಆದರೆ ಊಟ ತರಿಸುವುದರಲ್ಲಿ ಎತ್ತಿದ ಕೈಯಾದ ಮತ್ತೊಬ್ಬ.

ರಾತ್ರಿ ಹನ್ನೊಂದರವರೆಗೆ ಹೆಸರಿನ ಚರ್ಚೆ. ಹನ್ನೊಂದರಿಂದ ಒಂದರವರೆಗೆ ಲೋಗೋ ನೀಲಿಯೋ ಕಿತ್ತಳೆಯೋ. ಒಂದು ಗಂಟೆಗೆ ಎಂಬಿಎ ಹುಡುಗ ಮೆಲ್ಲಗೆ “ಈಕ್ವಿಟಿ ಹೆಂಗೆ?” ಎಂದು ಕೇಳುತ್ತಾನೆ. ಐಡಿಯಾ ನಂದು, ಅರವತ್ತು ಪರ್ಸೆಂಟ್ ನಂಗಿರಲಿ ಎನ್ನುತ್ತಾರೆ ಸಾಹೇಬರು. ಹಾಗಿದ್ದರೆ ಕೋಡೂ ನೀವೇ ಬರೀರಿ ಎನ್ನುತ್ತಾನೆ ಕೋಡ್ ಬರೆಯುವವ. ಒಂದು ರೂಪಾಯಿ ಕೂಡ ಕಾಣದ ಕಂಪನಿಯ ಪಾಲಿಗೆ ನಸುಕಿನವರೆಗೆ ಪಂಚಾಯಿತಿ ನಡೆಯುತ್ತದೆ.

ಶನಿವಾರ ಮಧ್ಯಾಹ್ನ ಮೆಂಟರ್ ಬಂದು ಕೇಳುವ ಮೊದಲ ಪ್ರಶ್ನೆ: “ಇಸ್ತ್ರಿಯವರ ಹತ್ರ ಮಾತಾಡಿದ್ರಾ?” ಕಟ್ಟಡ ಬಿಟ್ಟು ಹೊರಗೆ ಹೋಗಿ ಎಂಬುದು ಕ್ಯಾಲಿಫೋರ್ನಿಯಾದ ಸ್ಟೀವ್ ಬ್ಲಾಂಕ್ ಹೊಸ ಉದ್ಯಮಿಗಳಿಗೆ ಕಲಿಸುತ್ತ ಬಂದ ಮೊದಲ ಪಾಠ. ಸಾಹೇಬರಿಗೆ ಅದು ಬಾಯಿಪಾಠ. ಆದರೆ ಹೊರಗೆ ಬಿಸಿಲು. ಆದ್ದರಿಂದ ಒಂದು ಗೂಗಲ್ ಫಾರ್ಮ್ ಮಾಡಿ ಕಾಲೇಜು ಗೆಳೆಯರ ವಾಟ್ಸಾಪ್ ಗುಂಪಿಗೆ ಕಳಿಸಿ, ‘ಇಂಥ ಆ್ಯಪ್ ಬಂದರೆ ಬಳಸುತ್ತೀರಾ?’ ಎಂದು ಕೇಳುತ್ತಾರೆ. ಗೆಳೆಯರೆಲ್ಲ ಹೂಂ ಎನ್ನುತ್ತಾರೆ. ಎಷ್ಟಾದರೂ ಗೆಳೆಯರು.

ಮೆಂಟರ್ ಬಿಡದಿದ್ದಾಗ ತಂಡ ಕೆಳಗಿಳಿಯುತ್ತದೆ. ಎರಡನೇ ಕ್ರಾಸಿನ ಹೊಂಗೆ ಮರದ ಕೆಳಗೆ ಇಸ್ತ್ರಿ ಗಾಡಿ. ಇದ್ದಿಲ ಪೆಟ್ಟಿಗೆ ಬಿಟ್ಟು ಗ್ಯಾಸಿನ ಪೆಟ್ಟಿಗೆಗೆ ಬಂದಿರುವ ಯಜಮಾನ, ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹಳೇ ಬೆಡ್‌ಶೀಟಿನಲ್ಲಿ ಕಟ್ಟಿದ ಗಂಟುಗಳು. ಗಂಟಿನ ಬಣ್ಣ ನೋಡಿಯೇ ಯಾವ ಮನೆ, ಯಾವ ಮಹಡಿ ಎಂದು ಹೇಳಬಲ್ಲ. ಲೆಕ್ಕ ಒಂದು ಹಳೇ ಡೈರಿಯಲ್ಲಿ, ತಿಂಗಳಿಗೊಮ್ಮೆ ವಸೂಲಿ. ಸಾಹೇಬರು ಹತ್ತು ನಿಮಿಷ ವಿವರಿಸುತ್ತಾರೆ. ಆತ ಶರ್ಟಿನ ತೋಳು ಮಡಚಿ, ಕಾಲರಿನ ಮೇಲೆ ಪೆಟ್ಟಿಗೆ ಎಳೆಯುತ್ತಲೇ ಕೇಳಿ, “ಗಿರಾಕಿ ಬೇಕಾದಷ್ಟು ಅವ್ರೆ ಸಾರ್, ಕೈ ಸಾಲ್ದು. ನಿಮ್ಮ ಆ್ಯಪು ಇಸ್ತ್ರಿ ಹಾಕೋಕೆ ಒಂದು ಹುಡುಗನ್ನ ಕೊಡ್ತದಾ?” ಎನ್ನುತ್ತಾನೆ.

ಇಂಥ ಏಟು ದೊಡ್ಡವರಿಗೂ ಬಿದ್ದಿದೆ. 2005ರ ದೀಪಾವಳಿಗೆ ಬೆಂಗಳೂರಿನಿಂದ ಹೈದರಾಬಾದಿಗೆ ಬಸ್ ಟಿಕೆಟ್ ಸಿಗದೆ ಪರದಾಡಿದ ಫಣೀಂದ್ರ ಸಾಮಾ, ಗೆಳೆಯರೊಂದಿಗೆ ನೌಕರಿಯ ಬಿಡುವಿನಲ್ಲಿ ಬಸ್ ಮಾಲೀಕರಿಗಾಗಿ ಸಾಫ್ಟ್‌ವೇರ್ ಬರೆದರು. ಮಾಲೀಕರು ಅದನ್ನು ಮೂಸಿಯೂ ನೋಡಲಿಲ್ಲ. ಅವರಿಗೆ ಬೇಕಿದ್ದದ್ದು ಸೀಟು ತುಂಬುವುದು. ಸರಿ, ಟಿಕೆಟ್ಟನ್ನೇ ಮಾರುತ್ತೇವೆ ಎಂದು ಹೊರಟದ್ದು 2006ರಲ್ಲಿ ರೆಡ್‌ಬಸ್ ಆಯಿತು. ನಮ್ಮ ಸಾಹೇಬರಿಗೆ ಈ ಕಥೆಯೂ ಗೊತ್ತು, ಸ್ಲೈಡಿನಲ್ಲೂ ಹಾಕಿದ್ದಾರೆ. ಆದರೆ ಇಸ್ತ್ರಿಯವನ ಮಾತು ಕೇಳಿ ಮೇಲೆ ಬಂದವರು ಬದಲಾಯಿಸಿದ್ದು ಲೋಗೋದ ಬಣ್ಣವನ್ನು. ಜೊತೆಗೆ ಎಲ್ಲ ಸ್ಲೈಡಿಗೂ ‘ಎಐ’ ಸೇರಿಸಿದರು.

ಭಾನುವಾರ ಸಂಜೆ ತೀರ್ಪುಗಾರರ ಮುಂದೆ ಡೆಮೊ. ವೈಫೈ ಕೈಕೊಡುತ್ತದೆ, ಕೊಡದಿದ್ದರೆ ಅದು ಡೆಮೊ ಅಲ್ಲ. ಭಾರತದ ಇಸ್ತ್ರಿ ಮಾರುಕಟ್ಟೆ ಎಷ್ಟು ಸಾವಿರ ಕೋಟಿಯದೆಂದು ಎಂಬಿಎ ಹುಡುಗ ಹೇಳುತ್ತಾನೆ. ತೀರ್ಪುಗಾರ್ತಿ, “ಈವರೆಗೆ ಎಷ್ಟು ಜನ ದುಡ್ಡು ಕೊಟ್ಟಿದ್ದಾರೆ?” ಎಂದು ಕೇಳುತ್ತಾರೆ. ಸಾಹೇಬರು ‘ಟ್ರ್ಯಾಕ್ಷನ್’ ಬಗ್ಗೆ ಇಂಗ್ಲಿಷಿನಲ್ಲಿ ದೀರ್ಘವಾಗಿ ಮಾತಾಡುತ್ತಾರೆ. ಬಹುಮಾನ ಹೋಗುವುದು ಪಕ್ಕದ ಟೇಬಲ್ಲಿನ ಹುಡುಗಿಯರಿಗೆ. ಅವರಲ್ಲಿ ಆ್ಯಪೂ ಇರಲಿಲ್ಲ, ಲೋಗೋವೂ ಇರಲಿಲ್ಲ. ಒಂದು ವಾಟ್ಸಾಪ್ ನಂಬರಿನಿಂದ ಪಿಜಿಗಳಿಗೆ ಚಪಾತಿ ಪಲ್ಯದ ಆರ್ಡರ್ ಹಿಡಿದು, ಯುಪಿಐನಲ್ಲಿ ಬಂದ ದುಡ್ಡಿನ ಸ್ಕ್ರೀನ್‌ಶಾಟ್ ತೋರಿಸಿದರು, ಅಷ್ಟೇ.

ಸೋತದ್ದಕ್ಕೆ ಸಾಹೇಬರಿಗೆ ಬೇಸರವಿಲ್ಲ. ಝೇಪಿಯರ್ ಎಂಬ ಕಂಪನಿ ಹುಟ್ಟಿದ್ದೂ 2011ರಲ್ಲಿ ಮಿಸ್ಸೌರಿಯ ಇಂಥದೇ ಒಂದು ವಾರಾಂತ್ಯದಲ್ಲಿ ಎಂದು ಎಲ್ಲರಿಗೂ ನೆನಪಿಸುತ್ತಾರೆ. ನಿಜವೇ. ಆದರೆ ಅದನ್ನು ಕಟ್ಟಿದ ಮೂವರು ಆಮೇಲೂ ತಿಂಗಳುಗಟ್ಟಲೆ ರಾತ್ರಿ ಹೊತ್ತು ಕೂತು ದುಡಿದರು, ಒಬ್ಬೊಬ್ಬ ಗಿರಾಕಿಯನ್ನೂ ಖುದ್ದಾಗಿ ಹುಡುಕಿ ಮಾತಾಡಿಸಿದರು, ಪರೀಕ್ಷೆಯ ಹಂತದಲ್ಲೇ ದುಡ್ಡು ಕೇಳಿದರು. ಆ ಭಾಗ ಬಂದಾಗ ಸಾಹೇಬರ ಗಮನ ಫೋನಿನ ಮೇಲಿರುತ್ತದೆ. ಲಿಂಕ್ಡ್‌ಇನ್‌ನಲ್ಲಿ ‘ಫೌಂಡರ್ ಅಂಡ್ ಸಿಇಒ’ ಎಂದು ಸೇರಿಸುವ ಕೆಲಸ ಬಾಕಿಯಿದೆಯಲ್ಲ. ಈ ಹಿಂದಿನ ಕಂಪನಿಗಳೂ ಅಲ್ಲೇ, ಒಂದರ ಕೆಳಗೊಂದು, ಸಾಲಾಗಿವೆ.

ಮಂಗಳವಾರದ ಹೊತ್ತಿಗೆ ತಂಡದ ವಾಟ್ಸಾಪ್ ಗುಂಪಿನಲ್ಲಿ ಊಟ ತರಿಸುತ್ತಿದ್ದವನ ಗುಡ್ ಮಾರ್ನಿಂಗ್ ಬಿಟ್ಟರೆ ಬೇರೆ ಸದ್ದಿಲ್ಲ. ಗುರುವಾರ ಸಾಹೇಬರಿಗೆ ಮುಂದಿನ ಸ್ಪರ್ಧೆಯ ಸುದ್ದಿ ಸಿಗುತ್ತದೆ. ಈ ಸಲದ ವಿಷಯ ಕೃಷಿ. ಈ ಬಾರಿ ಮಾತ್ರ ಮೊದಲೇ ಮಾತಾಡಿಸಿಬಿಡೋಣವೆಂದು ಶಿರಸಿಯ ಮಾವನಿಗೆ ಫೋನು ಹಚ್ಚುತ್ತಾರೆ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡರೇ ಸಿಗುವುದಿಲ್ಲವಂತಲ್ಲ, ಅವರನ್ನು ಹುಡುಕಿಕೊಡಲು ಒಂದು ಆ್ಯಪ್ ಮಾಡಿದರೆ ಹೇಗೆ ಎಂದು ಉತ್ಸಾಹದಿಂದ ಕೇಳುತ್ತಾರೆ.

ಮಾವ ಪೂರ್ತಿ ಕೇಳಿಸಿಕೊಂಡು, ಕವಳ ಉಗಿದು ಬಂದು, “ಆ್ಯಪ್ ಇರ್ಲಿ ತಮಾ, ನಿಂಗೆ ಮರ ಹತ್ತಲೆ ಬತ್ತಾ?” ಎನ್ನುತ್ತಾರೆ.