ಫೋನ್ ಭಾವ

ಹೆಣ್ಣು ನೋಡಲು ಹೋಗುವ ಮುಂಚೆ ಜಾತಕ ತೋರಿಸಲು ಜೋಯಿಸರಿರುವ ಹಾಗೆ, ಮೊಬೈಲ್ ಕೊಳ್ಳುವ ಮುಂಚೆ ಕೇಳಲು ಪ್ರತಿ ಮನೆತನಕ್ಕೂ ಒಬ್ಬರು ಫೋನ್ ಭಾವ ಇರುತ್ತಾರೆ. ಕೆಲವು ಮನೆಗಳಲ್ಲಿ ಚಿಕ್ಕಪ್ಪ, ಕೆಲವೆಡೆ ಸೋದರಮಾವ, ಯಾರೂ ಇಲ್ಲದವರಿಗೆ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಎಂಜಿನಿಯರ್. ಆದರೆ ಈ ಹುದ್ದೆ ಒಪ್ಪುವುದು ಅಕ್ಕನ ಗಂಡನಿಗೇ. ಮಾವನ ಮನೆಯಲ್ಲಿ ಅಳಿಯನಿಗೆ ಮರ್ಯಾದೆ ಬೇಕಾದಷ್ಟು ಸಿಗುತ್ತದೆ, ಕೆಲಸ ಮಾತ್ರ ಯಾರೂ ಹೇಳುವುದಿಲ್ಲ. ಹಬ್ಬಕ್ಕೆ ಬಂದವರು ಒಬ್ಬಟ್ಟು ಬೇಯುವವರೆಗೆ ಎಷ್ಟೂಂತ ಪೇಪರ್ ಓದಿಯಾರು? ಮೂಲೆಯಲ್ಲಿ ಕೂತು ಯೂಟ್ಯೂಬಿನಲ್ಲಿ ಯಾರೋ ಫೋನ್ ಡಬ್ಬಿ ಬಿಚ್ಚುವುದನ್ನು ನೋಡುತ್ತಾರೆ. ನಾಲ್ಕು ಹಬ್ಬ ಕಳೆಯುವುದರೊಳಗೆ ಪಂಡಿತರಾಗಿರುತ್ತಾರೆ.

ಇವರನ್ನು ಗುರುತಿಸುವುದು ಸುಲಭ. ಯಾರ ಮನೆಗೆ ಬಂದರೂ ನೀರು ಕುಡಿಯುವ ಮೊದಲು ವೈಫೈ ಪಾಸ್‌ವರ್ಡ್ ಕೇಳುತ್ತಾರೆ. ಅದು ಮನೆಯ ಹಳೇ ಲ್ಯಾಂಡ್‌ಲೈನ್ ನಂಬರ್ ಎಂದು ತಿಳಿದೊಡನೆ ಹಣೆ ಚಚ್ಚಿಕೊಂಡು, "ಹೀಗಿಟ್ರೆ ಯಾರು ಬೇಕಾದ್ರೂ ಒಳಗೆ ಬರ್ತಾರಲ್ರೀ" ಎಂದು ನೊಂದು, ಅದನ್ನೇ ಒತ್ತಿ ತಾವೂ ಒಳಗೆ ಬರುತ್ತಾರೆ. ಅವರ ಲ್ಯಾಪ್‌ಟಾಪಿನ ಕ್ಯಾಮೆರಾ ಮೇಲೆ ಗಾಯದ ಪಟ್ಟಿ ಅಂಟಿಸಿರುತ್ತಾರೆ. ಬಸ್ ನಿಲ್ದಾಣದ ಯುಎಸ್‌ಬಿ ಪಾಯಿಂಟಿಗೆ ಫೋನ್ ಸಿಕ್ಕಿಸಿದರೆ ಕಳ್ಳರು ಡೇಟಾ ಎಲ್ಲ ಹೀರಿಬಿಡುತ್ತಾರೆಂದು ಹೆದರಿಸುತ್ತಾರೆ. (ಈಗಿನ ಫೋನುಗಳು ನಿಮ್ಮನ್ನು ಕೇಳದೆ ಕೇಬಲ್ ಮೂಲಕ ಫೈಲ್ ಬಿಟ್ಟುಕೊಡುವುದಿಲ್ಲ. ಬಸ್ ನಿಲ್ದಾಣದಲ್ಲಿ ಫೋನಿಗೆ ಹೆಚ್ಚಿನ ಅಪಾಯ ಅದನ್ನು ಎತ್ತಿಕೊಂಡು ಓಡುವವನಿಂದ. ಇದನ್ನು ಭಾವನೆದುರು ಹೇಳಬಾರದು.)

"ಭಾವ, ಅಮ್ಮನಿಗೊಂದು ಫೋನ್ ತಗೋಬೇಕಿತ್ತು."

"ಬಜೆಟ್ ಎಷ್ಟು?"

"ಹನ್ನೆರಡು ಸಾವಿರ."

"ಹನ್ನೆರಡಕ್ಕೆ ಬರತ್ತೆ. ಆದ್ರೆ ಇನ್ನೊಂದು ಮೂರು ಹಾಕಿದ್ರೆ ಅಮೊಲೆಡ್ ಡಿಸ್‌ಪ್ಲೇ ಸಿಗತ್ತೆ ನೋಡಿ."

ಹದಿನೈದಕ್ಕೆ ಒಪ್ಪಿದಿರಾ, ಇನ್ನು ನಾಲ್ಕಕ್ಕೆ ಒಳ್ಳೆಯ ಪ್ರೊಸೆಸರ್. ಹತ್ತೊಂಬತ್ತರವರೆಗೆ ಬಂದವರು ಇಪ್ಪತ್ತೈದಕ್ಕೆ ಯಾಕೆ ಬರಬಾರದು? ಮೂವತ್ತರ ಹತ್ತಿರ ನಾವು ಏದುಸಿರು ಬಿಡುತ್ತಿರುವಾಗ ಭಾವ ಶಾಂತವಾಗಿ, "ಆದ್ರೆ ಈಗ ಬೇಡ, ತಡೀರಿ" ಎನ್ನುತ್ತಾರೆ. ದೀಪಾವಳಿ ಸೇಲ್ ಬರಲಿದೆ. ದೀಪಾವಳಿಗೆ ಕೇಳಿದರೆ ಜನವರಿಗೆ ಹೊಸ ಮಾಡೆಲ್. ಜನವರಿಗೆ ಕೇಳಿದರೆ, ಹೊಸದು ಬಂತಲ್ಲ, ಹಳೆಯದರ ಬೆಲೆ ಇಳಿಯಲಿ. ಅಷ್ಟರಲ್ಲಿ ಅಮ್ಮನ ಫೋನು ರಬ್ಬರ್‌ಬ್ಯಾಂಡಿನ ಆಸರೆಯಲ್ಲಿ ಇನ್ನೊಂದು ಯುಗಾದಿ ಕಂಡಿರುತ್ತದೆ. ಸ್ವತಃ ಭಾವ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮಧ್ಯಾಹ್ನವಿಡೀ ಚೌಕಾಸಿ ಮಾಡಿ ಸಂಜೆಗೆ ಒಂದು ಕೇಬಲ್ ತರುವವರು.

ಅವರಿಗೆ ವಿಷಯ ಗೊತ್ತಿಲ್ಲವೆಂದಲ್ಲ. ಗೊತ್ತಿದೆ, ಅದೇ ಕಷ್ಟ. ಅಂಗಡಿಯ ಹುಡುಗ "108 ಮೆಗಾಪಿಕ್ಸೆಲ್ ಸಾರ್" ಎಂದರೆ, ಆ ಕ್ಯಾಮೆರಾ ಮಾಮೂಲಾಗಿ ಒಂಬತ್ತೊಂಬತ್ತು ಪಿಕ್ಸೆಲ್ಲುಗಳನ್ನು ಒಟ್ಟುಗೂಡಿಸಿ ಕೊಡುವುದು 12 ಮೆಗಾಪಿಕ್ಸೆಲ್ ಫೋಟೊ ಎಂದು ಕೌಂಟರಿನಲ್ಲೇ ಭಾಗಾಕಾರ ಮಾಡಿ ತೋರಿಸುತ್ತಾರೆ. "8 ಪ್ಲಸ್ 8 ಜಿಬಿ ರ‍್ಯಾಮ್" ಎಂದರೆ, ಎರಡನೆಯ ಎಂಟು ಸ್ಟೋರೇಜಿನಿಂದ ಕಡ ತಂದದ್ದು, ಅದಕ್ಕೆ ಮೊದಲ ಎಂಟರ ವೇಗ ಬರುವುದಿಲ್ಲ ಎನ್ನುತ್ತಾರೆ. ಐನೂರು ರೂಪಾಯಿಗೆ ಎರಡು ಟಿಬಿ ಪೆನ್‌ಡ್ರೈವ್ ಸಿಕ್ಕಿತೆಂದು ಕುಣಿಯುವವರಿಗೆ, ಅದರೊಳಗೆ ಇರುವ ಜಾಗ ಎರಡು ಟಿಬಿಯ ಹತ್ತಿರಕ್ಕೂ ಬರದು, ತುಂಬಿದ ಮೇಲೆ ಹಾಕಿದ ಫೋಟೊ ಉಳಿಯುವುದಿಲ್ಲ ಎಂದು ತಣ್ಣೀರೆರಚುತ್ತಾರೆ. ಇದೆಲ್ಲ ನಿಜ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಾಗ ಅವರು ನೆಂಟರಿಷ್ಟರಿಗೆಲ್ಲ ಫೋನ್ ಮಾಡಿ ದಿನ ತಿಳಿಸಿದರು. ಆ ದನಿ ಕೇಳಿ, "ಯಾರು ಹೋದ್ರಪ್ಪಾ?" ಎಂದು ಗಾಬರಿಯಾದ ದೊಡ್ಡಮ್ಮಂದಿರುಂಟು.

ಹಬ್ಬದ ದಿನ ಮನೆಯಲ್ಲೂ ನಡೆದ ಆ ಮೆಗಾಪಿಕ್ಸೆಲ್ ಪ್ರವಚನವನ್ನು ಅಮ್ಮ ಹೂರಣದ ಉಂಡೆ ಕಟ್ಟುತ್ತ ಪೂರ್ತಿ ಕೇಳಿಸಿಕೊಂಡು, "ಅಳಿಯಂದಿರೇ, ಕುಕ್ಕರ್ ಕೂಗೋವಾಗ ಇದರ ರಿಂಗು ಅಡುಗೆಮನೆಗೆ ಕೇಳ್ಸತ್ತಾ?" ಎಂದು ಕೇಳಿದರು. ಭಾವ ಮೂರು ಕಂಪನಿಗಳ ಪಟ್ಟಿ ತಿರುವಿಹಾಕಿದರು. ಎಲ್ಲೂ ಆ ಸಾಲಿರಲಿಲ್ಲ.

ಭದ್ರತೆಯ ವಿಷಯದಲ್ಲೂ ಹಾಗೆಯೇ. ಒಮ್ಮೆ ಕುಟುಂಬದ ವಾಟ್ಸಾಪ್ ಗುಂಪಿಗೆ "ಮದುವೆ ಕರೆಯೋಲೆ" ಎಂಬ ಹೆಸರಿನ ಎಪಿಕೆ ಫೈಲ್ ಬಂತು. ಇದು ಈಗಿನ ಪ್ರಸಿದ್ಧ ಮೋಸ. ಒತ್ತಿ, ಕೇಳಿದ್ದಕ್ಕೆಲ್ಲ ಅನುಮತಿ ಕೊಟ್ಟರೆ ಫೋನಿನೊಳಗೆ ಆ್ಯಪ್ ಕೂತು ನಿಮಗೆ ಬರುವ ಎಸ್ಎಂಎಸ್, ಓಟಿಪಿಗಳನ್ನು ಕಳ್ಳನಿಗೆ ದಾಟಿಸುತ್ತದೆ. ಭಾವ ಕೂಡಲೇ ಉದ್ದನೆಯ ವಾಯ್ಸ್ ಮೆಸೇಜ್ ಕಳಿಸಿದರು. ಅದರಲ್ಲಿ ಆಂಡ್ರಾಯ್ಡಿನ ಚರಿತ್ರೆಯಿತ್ತು, ಅನುಮತಿಗಳ ಬಗೆಗಳಿದ್ದವು, ನಡುವೆ ಅಕ್ಕ ಊಟಕ್ಕೆ ಕರೆದದ್ದೂ ಇತ್ತು. ಯಾರೂ ಕೊನೆಯವರೆಗೆ ಕೇಳಲಿಲ್ಲ. ಅಮ್ಮ ಆ ಫೈಲನ್ನೂ ತೆರೆಯಲಿಲ್ಲ, ಭಾವನ ಮೆಸೇಜನ್ನೂ ತೆರೆಯಲಿಲ್ಲ. ಕಾರಣ ಕೇಳಿದ್ದಕ್ಕೆ ಹೇಳಿದರು: "ಮದುವೆಗೆ ಕರೆಯೋರು ಮನೆಗೆ ಬಂದು ಕುಂಕುಮ ಕೊಟ್ಟು ಕರೀತಾರೆ. ಫೈಲ್ ಕಳಿಸೋರ ಮದುವೆಗೆ ನಾನ್ಯಾಕೆ ಹೋಗ್ಲಿ?" ಇಷ್ಟು ಗಟ್ಟಿ ಆ್ಯಂಟಿವೈರಸ್ ಭಾವನ ಲ್ಯಾಪ್‌ಟಾಪಿನಲ್ಲೂ ಇಲ್ಲ.

ಇಷ್ಟೆಲ್ಲ ಆದಮೇಲೂ ಜನ ಭಾವನನ್ನು ಯಾಕೆ ಕೇಳುತ್ತಾರೆ? ಅವರು ಹೇಳಿದ್ದನ್ನು ಕೊಳ್ಳುವುದಕ್ಕಂತೂ ಅಲ್ಲ. ಕೊನೆಗೆ ಎಲ್ಲರೂ ತರುವುದು ಅಂಗಡಿಯ ಹುಡುಗ ಕೊಟ್ಟದ್ದನ್ನು, ಅದರ ಜೊತೆ ಪುಕ್ಕಟೆ ಬಂದ ಇಯರ್‌ಫೋನನ್ನು. ನನಗನ್ನಿಸುವಂತೆ, ನಮಗೆ ಬೇಕಾದದ್ದು ಸಲಹೆಯಲ್ಲ, ಬೈಯಲು ಒಬ್ಬರು. ಫೋನು ಬಿಸಿಯಾದರೆ ಕಂಪನಿಯವರನ್ನು ಬೈಯೋಣವೆಂದರೆ "ಕನ್ನಡಕ್ಕೆ ಎರಡನ್ನು ಒತ್ತಿ" ಎನ್ನುತ್ತಾರೆ. ಭಾವನಾದರೆ ನೇರವಾಗಿ ಸಿಗುತ್ತಾರೆ. "ನಿಮ್ಮನ್ನ ಕೇಳೇ ತಗೊಂಡಿದ್ದು" ಎಂದರೆ ಮುಗಿಯಿತು. ಅವರೂ ಆ ಆರೋಪವನ್ನು ಒಪ್ಪಿಕೊಂಡು, ಬ್ಯಾಗಿನಿಂದ ಸಿಮ್ ಪಿನ್ ತೆಗೆದು ರಿಪೇರಿಗೆ ಕೂರುತ್ತಾರೆ. ಅಕ್ಕ ಮಾತ್ರ ತನ್ನ ಫೋನನ್ನು ಅವರ ಕೈಗೆ ಕೊಡುವುದಿಲ್ಲ.

ಅವರಿಗೆ ಆಗುವ ಅನ್ಯಾಯವೆಂದರೆ, ನಿಜಕ್ಕೂ ಉಪಯೋಗದ ಮಾತುಗಳನ್ನು ಅವರು ಹೇಳುವುದು ಎಲ್ಲರೂ ಎಲೆ ಮುಂದೆ ಕೂತ ಮೇಲೆ. ಹಣ ಬರಬೇಕಾದರೆ ಯುಪಿಐ ಪಿನ್ ಒತ್ತಬೇಕಿಲ್ಲ, ಒತ್ತಿದರೆ ಹೋಗುವುದು ನಿಮ್ಮದೇ. ವಾಟ್ಸಾಪಿಗೆ ಆರಂಕಿಯ ಎರಡನೇ ಬೀಗ ಹಾಕಿ. *#06# ಒತ್ತಿದರೆ ಕಾಣುವ ಐಎಂಇಐ ನಂಬರ್ ಬರೆದಿಡಿ, ಕಳೆದ ಫೋನನ್ನು ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಬ್ಲಾಕ್ ಮಾಡಿಸಲು ಬೇಕಾಗುತ್ತದೆ. ಮೋಸದಲ್ಲಿ ದುಡ್ಡು ಹೋದರೆ ಅಳುತ್ತ ಕೂರದೆ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇಷ್ಟರಲ್ಲಿ ಪಾಯಸ ಬಂದಿರುತ್ತದೆ, ಕೇಳುವವರು ಯಾರು?

ಹಾಗಾಗಿ ಮುಂದಿನ ಹಬ್ಬಕ್ಕೆ ಅವರು ಸಿಕ್ಕಾಗ "ಯಾವ ಫೋನ್ ತಗೊಳ್ಳಲಿ?" ಎಂದು ಮಾತ್ರ ಕೇಳಬೇಡಿ. ಅಂಗಡಿಯಲ್ಲಿ ಎರಡು ಫೋನ್ ಆರಿಸಿಟ್ಟುಕೊಂಡು, "ಇವಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಎಷ್ಟೆಷ್ಟು ವರ್ಷ?" ಎಂದು ಕೇಳಿ. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24ರಂಥ ದುಬಾರಿ ಫೋನುಗಳಿಗೆ ಏಳು ವರ್ಷವೆಂದು ಕಂಪನಿಗಳೇ ಮಾತು ಕೊಟ್ಟಿವೆ. ಅಗ್ಗದವುಗಳಲ್ಲಿ ಕೆಲವಕ್ಕೆ ಎರಡೋ ಮೂರೋ. ಉತ್ತರ ಒಂದೇ ಅಂಕಿ, ಭಾವನಿಗೂ ಅದನ್ನು ಹಿಗ್ಗಿಸಲು ಬರುವುದಿಲ್ಲ.